ರಾಗಿಯಿಂದಲೇ ಮಾಲ್ಟ್ ಪಾಕ: ನಾಲ್ಕು ಸಾವಿರದೊಳಗೆ ಮಾಡಿದ್ದು

ಬೇಕರಿಗೆ ಬೇಕಾಗುವ ಮಾಲ್ಟ್ ಪಾಕವನ್ನು, ಅಂದರೆ ಮೊಳಕೆ ಕಟ್ಟಿ ಒಣಗಿಸಿದ ಕಾಳಿನ (ಮಾಲ್ಟ್) ಸಿಹಿಯನ್ನು ಬತ್ತಿಸಿದ ಪಾಕವನ್ನು, ನಾನೀಗ ರಾಗಿಯಿಂದ ಮನೆಯಲ್ಲೇ ಇಳಿಸುತ್ತೇನೆ. ಡಬ್ಬದ ಬಾರ್ಲಿ ಎಕ್ಸ್‌ಟ್ರ್ಯಾಕ್ಟ್ ತರಿಸುವುದನ್ನು ಬಿಟ್ಟು ವರ್ಷದ ಮೇಲಾಯಿತು. ದಾವಣಗೆರೆಯಲ್ಲಿ ಇದನ್ನು ಹೇಳಿದಾಗ ಬೇಕರಿ ಗೆಳೆಯರೆಲ್ಲ ನಕ್ಕಿದ್ದರು. "ರಾಗ್ಯಾಗ ಪಾಕ ಬರಂಗಿಲ್ಲ ಬಿಡಪ್ಪ, ಗಂಜಿ ಬರ್ತೈತಿ" ಅಂದವರೇ ಈಗ ತಿಂಗಳಿಗೆ ಐದು ಕೆಜಿ, ಆರು ಕೆಜಿ ನನ್ನಿಂದಲೇ ಒಯ್ಯುತ್ತಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಮೊದಲು ದುಡ್ಡಿನ ಮಾತು. ಬಾರ್ಲಿ ಎಕ್ಸ್‌ಟ್ರ್ಯಾಕ್ಟ್ ಚಿಲ್ಲರೆಯಲ್ಲಿ ಕೆಜಿಗೆ 300ರ ಮೇಲೆ, ಸಾಗಾಣಿಕೆ ಬೇರೆ. ಹಿಟ್ಟಿನ ತೂಕಕ್ಕೆ ನೂರಕ್ಕೆ ಎರಡರಷ್ಟೇ ಹಾಕಿದರೂ ತಿಂಗಳ ಕೊನೆಗೆ ಲೆಕ್ಕ ಕಣ್ಣಿಗೆ ಹೊಡೆಯುತ್ತಿತ್ತು. ಬಾರ್ಲಿಯನ್ನೇ ತಂದು ಮೊಳಕೆ ಕಟ್ಟೋಣ ಅಂದರೆ ಕಿರಾಣಿ ಅಂಗಡಿಯಲ್ಲಿ ಸಿಗುವುದು ಪಾಲಿಶ್ ಮಾಡಿದ್ದು. ಅದರ ಮೊಳಕೆಯ ಭಾಗವೇ ಉಜ್ಜಿ ಹೋಗಿರುತ್ತೆ, ಒದ್ದೆ ಬಟ್ಟೆಯಲ್ಲಿ ಕೊಳೆಯುತ್ತೆ ಅಷ್ಟೆ. ಸಿಪ್ಪೆ ಇರುವ ಜವೆಗೋಧಿ ಬೆಳೆಯುವುದು ರಾಜಸ್ಥಾನ, ಉತ್ತರ ಪ್ರದೇಶದ ಕಡೆ. ಅಲ್ಲಿಂದ ಇಲ್ಲಿಗೆ ತರಿಸಿದರೆ ಡಬ್ಬದ್ದೇ ವಾಸಿ. ರಾಗಿಯೋ, ಹೊಸದುರ್ಗದ ಕಡೆಯಿಂದ ಬೇಕಾದಷ್ಟು ಬರುತ್ತೆ. ನನಗೆ ಕೆಜಿಗೆ ಸುಮಾರು 40 ಬೀಳುತ್ತೆ. ಸಿರಿಧಾನ್ಯಗಳ ಪೈಕಿ ಪಿಷ್ಟವನ್ನು ಸಿಹಿ ಮಾಡುವ ಕಸುವು ಮೊಳಕೆ ರಾಗಿಯಲ್ಲಿ ಚೆನ್ನಾಗಿದೆ. ನವಣೆಯಲ್ಲೂ ನೋಡಿದೆ, ಸಪ್ಪೆ.

ಶುರುವಿನಲ್ಲಿ ಅಂಗಡಿಯ ರಾಗಿ ಮಾಲ್ಟ್ ಹಿಟ್ಟನ್ನೇ ಬಿಸಿ ನೀರಿಗೆ ಹಾಕಿ ಕೂರಿಸುತ್ತಿದ್ದೆ. ಎಷ್ಟು ಹೊತ್ತು ಇಟ್ಟರೂ ಗಂಜಿಯೇ. ಕಾರಣ ಸರಳ. ನಮ್ಮ ಕಡೆ ಮೊಳಕೆ ರಾಗಿಯನ್ನು ಘಮ ಬರುವಂತೆ ಹುರಿದೇ ಬೀಸುತ್ತಾರೆ. ಕುಡಿಯಲು ಅದು ರುಚಿ, ಆದರೆ ಹುರಿದ ಮೇಲೆ ಅಮೈಲೇಸ್, ಅಂದರೆ ಪಿಷ್ಟವನ್ನು ಸಿಹಿ ಮಾಡುವ ಕಿಣ್ವ, ಸತ್ತಿರುತ್ತೆ. ಪಾಕಕ್ಕೆ ಬೇಕಾದದ್ದು ಹುರಿಯದ ಮೊಳಕೆ. ಅಂದರೆ ಎಲ್ಲಾ ನಾನೇ ಮಾಡಬೇಕು ಅಂತಾಯಿತು.

ರಾಗಿ ನೆನೆಹಾಕಿ ಮೊಳಕೆ ಕಟ್ಟುವುದು ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ. ಹೇಳಬೇಕಾದದ್ದು ಇಷ್ಟು: ಬಿಸಿಲುಗಾಲದಲ್ಲಿ ನಮ್ಮೂರಿನ ಸೆಕೆಗೆ ಗೋಣಿಚೀಲದಲ್ಲಿ ಕಟ್ಟಿಟ್ಟ ರಾಗಿ ಮಾರನೇ ದಿನವೇ ಹುಳಿ ವಾಸನೆ ಹೊಡೆಯುತ್ತೆ. ಕಟ್ಟಬಾರದು, ಹರಡಬೇಕು. ಎರಡು ಬೆರಳು ದಪ್ಪಕ್ಕಿಂತ ಜಾಸ್ತಿ ಬೇಡ, ಕೈಯಾಡಿಸುತ್ತಿರಬೇಕು. ಮೊಳಕೆ ಕಾಳಿನ ಉದ್ದಕ್ಕಿಂತ ಸ್ವಲ್ಪ ಮುಂದೆ ಹೋಗಲಿ, ಅಡುಗೆಗೆ ಬಿಡುವುದಕ್ಕಿಂತ ಒಂದು ದಿನ ಹೆಚ್ಚು. ಮಾಳಿಗೆ ಮೇಲೆ ತೆಳುವಾಗಿ ಒಣಗಿಸಿ, ಅಂಗೈಯಲ್ಲಿ ತಿಕ್ಕಿ ಬೇರು ಉದುರಿಸಿ, ಮೊರದಲ್ಲಿ ಕೇರಿ. ಆರು ಕೆಜಿ ರಾಗಿಗೆ ಐದು ಕೆಜಿ ಮಾಲ್ಟ್ ಉಳಿಯುತ್ತೆ. ಬಿಸಿಲಿನ ನಂತರ ನಾನು ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ, ಬಣ್ಣ ಅದರಿಂದ ಬರುತ್ತೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಪಾತ್ರೆ ಪಗಡೆ. ಅಡುಗೆ ಕಂಟ್ರಾಕ್ಟ್ ಬಿಟ್ಟವರೊಬ್ಬರ ಹತ್ತಿರ 50 ಲೀಟರ್‌ನ ಸ್ಟೀಲ್ ಪಾತ್ರೆ 1,800ಕ್ಕೆ ಸಿಕ್ಕಿತು. ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ 300. ಕೈಯಲ್ಲಿ ಹಿಡಿದು ನೋಡುವ ಬ್ರಿಕ್ಸ್ ಮೀಟರ್ (ತೂಕದಲ್ಲಿ ನೂರಕ್ಕೆ ಎಷ್ಟು ಸಿಹಿ ಅನ್ನುವುದೇ ಬ್ರಿಕ್ಸ್) 1,200 ಚಿಲ್ಲರೆ. ಜಾಲರಿ ಚೀಲಕ್ಕೆ ಪಾರದರ್ಶಕ ಪರದೆ ಬಟ್ಟೆ ಮತ್ತು ಹೊಲಿಗೆ ಸೇರಿ 200. ಪಂಚೆ ಬಟ್ಟೆಯಲ್ಲಿ ಮಾಡಬೇಡಿ, ರಾಗಿ ನುಣುಪಿಗೆ ಅದು ಕಟ್ಟಿಕೊಂಡು ಹನಿ ಇಳಿಯಲ್ಲ. ಬಿಸಿ ಹಿಡಿದಿಡಲು ಎರಡು ಕಂಬಳಿ, ಚಳ್ಳಕೆರೆಯ ಉಣ್ಣೆಯವು, ಮನೆಯಲ್ಲೇ ಇದ್ದವು. ಅವನ್ನು ಸುತ್ತಿ ಹಗ್ಗ ಬಿಗಿದರೆ ಒಂದೂವರೆ ಗಂಟೆಯಲ್ಲಿ ಮೂರು ಡಿಗ್ರಿ ಕೂಡ ಇಳಿಯಲ್ಲ. ಇದೇ ಕೆಲಸಕ್ಕೆ ಜಾಕೆಟ್ ಇರುವ ಪಾತ್ರೆ ಬೇಕೇ ಬೇಕು ಅಂತ ಒಬ್ಬ ಡೀಲರ್ 60,000ದ ಕೊಟೇಶನ್ ಕಳಿಸಿದ್ದರು. ಅದರ ಹಿಂಬದಿಯಲ್ಲಿ ಈಗ ಬ್ಯಾಚ್‌ಗಳ ಲೆಕ್ಕ ಬರೆಯುತ್ತೇನೆ.

ಇನ್ನು ಎಲ್ಲರೂ ಸೋಲುವ ಜಾಗ. ಬಾರ್ಲಿ ಮಾಡುವವರು 65 ಡಿಗ್ರಿ ನೀರಿಗೆ ನುಚ್ಚು ಹಾಕಿ, ಮುಚ್ಚಿ, ಹಾಯಾಗಿ ಇರುತ್ತಾರೆ. ಅದನ್ನೇ ರಾಗಿಗೆ ಮಾಡಿದರೆ ಬ್ರಿಕ್ಸ್ ಆರೋ ಏಳೋ ಬಂದು ನಿಲ್ಲುತ್ತೆ. ರಾಗಿ ಪಿಷ್ಟ ಪೂರ್ತಿ ಬೇಯಲು ಬಾರ್ಲಿಗಿಂತ ಜಾಸ್ತಿ ಶಾಖ ಬೇಕು. ಆ ಶಾಖಕ್ಕೆ ಹೋದರೆ ಸಿಹಿ ಮಾಡುವ ಕಿಣ್ವ ಸಾಯುತ್ತೆ. ಅತ್ತ ದರಿ, ಇತ್ತ ಪುಲಿ. ಶಾಖ ಏರಿಸಿ ನೋಡಿದೆ, ಇಳಿಸಿ ನೋಡಿದೆ, ರಾತ್ರಿಯಿಡೀ ಇಟ್ಟೆ. ರಾತ್ರಿಯಿಡೀ ಇಟ್ಟದ್ದು ಬೆಳಿಗ್ಗೆ ಮೊಸರಿನ ವಾಸನೆ. ಆ ತಿಂಗಳು ಒಂದು ಕ್ವಿಂಟಲ್ ಹತ್ತಿರ ರಾಗಿ ಎಮ್ಮೆಗಳ ಪಾಲಾಯಿತು. ನಾಲ್ಕು ಸಾವಿರ ರೂಪಾಯಿ ಅಂದುಕೊಳ್ಳಿ. ನಿಟ್ಟುವಳ್ಳಿಯ ನಮ್ಮ ಬೀದಿಯಲ್ಲಿ ಹಾಲು ಗಟ್ಟಿಯಾಗಿದ್ದು ಆಗಲೇ.

ದಾರಿ ಸಿಕ್ಕಿದ್ದು ಜೋಳದ ಮಾಲ್ಟ್ ಮಾಡುವವರ ಕ್ರಮದಿಂದ. ಐದು ಕೆಜಿ ರಾಗಿ ಮಾಲ್ಟ್ ನುಚ್ಚನ್ನು 15 ಲೀಟರ್ ನೀರಿಗೆ ಹಾಕಿ 50 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಡಿ. ತಿರುವುವುದು ನಿಲ್ಲಿಸಿದರೆ ನುಚ್ಚು ತಳಕ್ಕೆ ಕೂರುತ್ತೆ, ಮೇಲೆ ಕಂದು ತಿಳಿ ನಿಲ್ಲುತ್ತೆ. ಆ ತಿಳಿಯಲ್ಲೇ ಕಿಣ್ವ ಇರುವುದು. ಐದು ಲೀಟರ್ ತಿಳಿಯನ್ನು ಮಗ್ಗಿನಲ್ಲಿ ಎತ್ತಿ ಬೇರೆ ಇಡಿ. ತಳದ ನುಚ್ಚಿಗೆ ಇನ್ನೈದು ಲೀಟರ್ ಬಿಸಿ ನೀರು ಸೇರಿಸಿ ಅಂಬಲಿಯಂತೆ 20 ನಿಮಿಷ ಕುದಿಸಿ. ಅದು 70ಕ್ಕೆ ಇಳಿದಾಗ ಎತ್ತಿಟ್ಟ ತಿಳಿ ವಾಪಸ್ ಸುರಿಯಿರಿ. ಸರಿಯಾಗಿ 62, 63ಕ್ಕೆ ಬಂದು ಕೂರುತ್ತೆ. ಸುರಿದು ತಿರುವುತ್ತಿದ್ದಂತೆ ಕೈಗೇ ಗೊತ್ತಾಗುತ್ತೆ. ಹುಟ್ಟು ನಿಲ್ಲುವಷ್ಟು ಗಟ್ಟಿ ಇದ್ದ ಅಂಬಲಿ ಹತ್ತು ನಿಮಿಷದಲ್ಲಿ ನೀರಾಗುತ್ತೆ, ಹುಟ್ಟು ಹಗುರಾಗಿ ತಾನೇ ತಿರುಗಿದಂತೆ ಇರುತ್ತೆ. ಮೊದಲ ಸಲ ಹಾಗಾದಾಗ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಅವರಿಗೇನು, ರಾಗಿ ನೀರು.

ಪಿಷ್ಟ ಮುಗಿಯಿತೋ ಇಲ್ಲವೋ ನೋಡಲು ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಸಾಕು. ಬಿಳಿ ತಟ್ಟೆಯ ಮೇಲೆ ಒಂದು ಹನಿ ತಿಳಿ, ಪಕ್ಕದಲ್ಲಿ ನೀರು ಬೆರೆಸಿದ ಔಷಧಿ ಒಂದು ಹನಿ, ಎರಡನ್ನೂ ಕಡ್ಡಿಯಲ್ಲಿ ಕೂಡಿಸಿ. ನೀಲಿ ಕಪ್ಪಾದರೆ ಇನ್ನೂ ಕಾಯಿರಿ. ಹಳದಿ ಹಳದಿಯಾಗೇ ಉಳಿದರೆ ಮುಗಿಯಿತು. ನುಚ್ಚು ಬಿದ್ದರೆ ಮಾತ್ರ ಸುಳ್ಳು ಹೇಳುತ್ತೆ, ಬರೀ ತಿಳಿ ತೆಗೆದುಕೊಳ್ಳಿ.

ನೀರಿನ ವಿಷಯ. ಬೋರ್ ನೀರಿನಲ್ಲಿ ಎರಡು ಗಂಟೆಯಾದರೂ ನೀಲಿ ಹೋಗುತ್ತಿರಲಿಲ್ಲ. ನಲ್ಲಿ ನೀರಿನಲ್ಲಿ ಒಂದೂಕಾಲು ಗಂಟೆ ಸಾಕು. ಗಡಸು ನೀರಿನಲ್ಲಿ ಪಿಎಚ್ (ಹುಳಿಯ ಅಳತೆ, ಏರಿದಷ್ಟೂ ಹುಳಿ ಕಡಿಮೆ) ಮೇಲೇರುತ್ತೆ. 5.5ರ ಆಸುಪಾಸು ಇದ್ದರೆ ಕಿಣ್ವ ಚುರುಕು. ನಲ್ಲಿ ನೀರು ಬಾರದ ದಿನ ಬೋರ್ ನೀರಿಗೇ ಒಂದು ಹುಳಿ ಹಾಕಿ ಸರಿ ಮಾಡಿಕೊಳ್ಳುತ್ತೇನೆ. ಯಾವ ಹುಳಿ, ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ. ನಿಂಬೆಹಣ್ಣಲ್ಲ, ಅಷ್ಟು ಹೇಳಬಲ್ಲೆ.

ಸೋಸುವುದು ಇನ್ನೊಂದು ರಗಳೆ. ಬಾರ್ಲಿಗೆ ಒರಟು ಸಿಪ್ಪೆ ಇದೆ, ಅದೇ ಜರಡಿಯಾಗುತ್ತೆ. ರಾಗಿಗೆ ಇಲ್ಲ. ಗಿರಣಿಯಲ್ಲಿ ಹಿಟ್ಟು ಮಾಡಿಸಿದರಂತೂ ಕಥೆ ಮುಗಿಯಿತು. ಕಲ್ಲು ಸಡಿಲ ಬಿಟ್ಟು ಸಣ್ಣ ರವೆಯಷ್ಟು ಒಡೆಸಿ, ಗಿರಣಿಯವನು ಗೊಣಗುತ್ತಾನೆ, ಗೊಣಗಲಿ. ಆಮೇಲೆ ಭತ್ತದ ಹೊಟ್ಟು. ಭದ್ರಾ ನಾಲೆಯ ಕೃಪೆ, ನಮ್ಮ ಸುತ್ತ ರೈಸ್ ಮಿಲ್ಲಿಗೆ ಬರವಿಲ್ಲ, ಒಂದು ಚೀಲ ಹೊಟ್ಟನ್ನು ಸುಮ್ನೆ ಕೊಡುತ್ತಾರೆ. ಮೂರು ನೀರಿನಲ್ಲಿ ತೊಳೆದು, ಒಮ್ಮೆ ಕುದಿಸಿ, ಬಸಿದು, ಅರ್ಧ ಕೆಜಿ ಬೆರೆಸಿ ಚೀಲಕ್ಕೆ ಹಾಕಿದರೆ ತಿಳಿ ಧಾರೆಯಾಗಿ ಇಳಿಯುತ್ತೆ. ಮೇಲಿಂದ ಎಂಟು ಲೀಟರ್ ಬಿಸಿ ನೀರು ಸುರಿದು ಉಳಿದ ಸಿಹಿಯನ್ನೂ ಇಳಿಸಿಕೊಳ್ಳಿ. ಚೀಲ ಹಿಂಡಿ, ತೊಂದರೆಯಿಲ್ಲ. ನನಗೆ 20 ಲೀಟರ್ ತಿಳಿ, 13, 14 ಬ್ರಿಕ್ಸ್ ಬರುತ್ತೆ.

ಇಲ್ಲಿಗೆ ಬಂದಾಗ ಓಣಿಯಲ್ಲಿ ವಾಸನೆ ಹರಡುತ್ತೆ. ಸಾರಾಯಿ ಬಂದ್ ಆಗಿದ್ದು 2007ರಲ್ಲಿ, ಆದರೆ ಹಳಬರ ಮೂಗಿಗೆ ನೆನಪು ಹೋಗಿಲ್ಲ. "ಏನ್ ಇಳಸ್ತಿ?" ಅಂತ ಕೇಳಿದವರಿದ್ದಾರೆ. ಈ ತಿಳಿಗೆ ಯೀಸ್ಟ್ ಹಾಕಿದರೆ ಬಿಯರ್ ದಾರಿ ನಿಜ, ಅದಕ್ಕೆ ಅಬಕಾರಿ ಲೈಸೆನ್ಸ್ ಬೇಕು, ನನಗೆ ಬೇಡ. ಸೋಸಿದ ಕೂಡಲೇ ಒಲೆಗೆ ಏರಿಸುತ್ತೇನೆ.

20 ಲೀಟರ್ ಬತ್ತಿಸಿ ನಾಲ್ಕು ಕೆಜಿಯೊಳಗೆ ತರಬೇಕು. ಕಮರ್ಷಿಯಲ್ ಗ್ಯಾಸಿನಲ್ಲಿ ಬ್ಯಾಚಿಗೆ 150 ರೂಪಾಯಿ ಸುಟ್ಟು ಹೋಗುತ್ತಿತ್ತು. ಈಗ ಹಿತ್ತಲಲ್ಲಿ ಮಣ್ಣಿನ ಒಲೆ ಹಾಕಿದ್ದೇನೆ, ಉರುವಲಿಗೆ ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು. ದಾವಣಗೆರೆಯಲ್ಲಿ ಮೆಕ್ಕೆಜೋಳದ ದಿಂಡಿಗೆ ದುಡ್ಡು ಕೊಡುವವನು ದಡ್ಡ. ಕೊನೆಯ ಅರ್ಧ ಗಂಟೆ ಮಾತ್ರ ಗ್ಯಾಸ್, ಏಕೆಂದರೆ ದಿಂಡಿನ ಉರಿ ಹತೋಟಿಗೆ ಸಿಗಲ್ಲ, ಪಾಕ ತಳ ಹಿಡಿದರೆ ಇಡೀ ಬ್ಯಾಚ್ ಕಹಿ.

ನನ್ನ ಮೀಟರ್ 32 ಬ್ರಿಕ್ಸ್‌ವರೆಗೆ ಮಾತ್ರ ತೋರಿಸುತ್ತೆ. 90 ತೋರಿಸುವ ಮೀಟರ್ ಕೊಳ್ಳಬೇಡಿ. ಒಂದು ಪಾಲು ಪಾಕಕ್ಕೆ ಎರಡು ಪಾಲು ನೀರು ತೂಗಿ ಬೆರೆಸಿ, ಬಂದದ್ದನ್ನು ಮೂರರಿಂದ ಗುಣಿಸಿ. 26 ಬಂದರೆ 78. ಅಲ್ಲಿ ಇಳಿಸುತ್ತೇನೆ. 70ರಲ್ಲಿ ಇಳಿಸಿದ ಡಬ್ಬಿಗಳು ಬೇಸಿಗೆಯಲ್ಲಿ ಉಬ್ಬಿ, ಒಂದರ ಮುಚ್ಚಳ ಅಟ್ಟಕ್ಕೆ ಹಾರಿತ್ತು.

ನಡುವೆ ಅಡ್ಡದಾರಿಗಳೂ ಇದ್ದವು. ಅರ್ಧ ರಾಗಿ ಮಾಲ್ಟ್, ಅರ್ಧ ಬೇಯಿಸಿದ ಮೆಕ್ಕೆಜೋಳದ ರವೆ ಹಾಕಿದರೆ ಖರ್ಚು ಇನ್ನೂ ಇಳಿಯುತ್ತೆ, ಸಿಹಿಯೂ ಬರುತ್ತೆ. ಮಾಲ್ಟ್ ಘಮ ಮಾತ್ರ ಅರ್ಧ. ಬನ್ನಿಗೆ ನಡೆಯುತ್ತೆ, ಬಿಸ್ಕತ್ತಿಗೆ ನಡೆಯಲ್ಲ. ಬಿಳಿ ಜೋಳದ ಮೊಳಕೆಯನ್ನೂ ಮಾಡಿದ್ದೆ, ಪಾಕ ಜೇನಿನ ಬಣ್ಣ, ನೋಡಲು ಚೆಂದ. ಆದರೆ ಜೋಳದ ಮೊಳಕೆ ಮತ್ತು ಬೇರಿನಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇದೆ. ಎಳೆ ಜೋಳದ ಪೈರು ಮೇಯ್ದು ದನ ಸಾಯುವುದು ಅದರಿಂದಲೇ ಅಲ್ವಾ. ಒಣಗಿಸಿ ಪೂರ್ತಿ ಉಜ್ಜಿ ತೆಗೆಯಬೇಕು. ಮಕ್ಕಳು ತಿನ್ನುವ ಬನ್ನಿಗೆ ಆ ತಲೆನೋವು ಬೇಡ ಅಂತ ಬಿಟ್ಟೆ.

ಈಗಿನ ಲೆಕ್ಕ: ಆರು ಕೆಜಿ ರಾಗಿಗೆ 240, ಗಿರಣಿ ಮತ್ತು ಗ್ಯಾಸ್ ಸೇರಿ 60, 70. ಪಾಕ ಮೂರೂವರೆ ಕೆಜಿ. ಕೆಜಿಗೆ 90 ಬಿತ್ತು, ನನ್ನ ಕೂಲಿ ಬಿಟ್ಟು. ಗೆಳೆಯರಿಗೆ 180ಕ್ಕೆ ಕೊಡುತ್ತೇನೆ. ಗಂಜಿ ಅಂದವರಿಗೆ 200. ಮಳೆಗಾಲದಲ್ಲಿ ಮೊಳಕೆ ಒಣಗದೆ ಬೂಷ್ಟು ಹಿಡಿಯುತ್ತೆ, ಅದೊಂದು ಬಾಕಿ ಇದೆ. ಹಳೆಯ ತಗಡಿನ ಬೀರುವಿಗೆ ಬಲ್ಬು ಮತ್ತು ಫ್ಯಾನ್ ಕೂರಿಸುತ್ತಿದ್ದೇನೆ, 50 ಡಿಗ್ರಿ ದಾಟದಂತೆ. ಬೀರು ಸಿಕ್ಕಿದೆ, ಥರ್ಮೋಸ್ಟಾಟ್ ಬರಬೇಕು.