ಸಾಕು, ಸಾಲದು: ಜಿಮ್ಯಾಟ್ ಬೀಜಗಣಿತದೊಂದಿಗೆ ಕಳೆದ ಮಳೆಗಾಲ

ಮಳೆಗಾಲದಲ್ಲಿ ನಮ್ಮ ಮನೆಯವರು ಪತ್ರಿಕೆಯಲ್ಲಿ ಮೊದಲು ಹುಡುಕುವುದು ಜಲಾಶಯಗಳ ಮಟ್ಟವನ್ನು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ, ಇಂದು ಇಷ್ಟು ಅಡಿ. ಎಂಬಿಎ ಪ್ರವೇಶಕ್ಕಾಗಿ ಬರೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ ಡೇಟಾ ಸಫಿಷಿಯೆನ್ಸಿ ಎಂಬ ಬಗೆಯ ಪ್ರಶ್ನೆಗಳಿವೆ: ಕೊಟ್ಟ ಹೇಳಿಕೆಗಳು ಖಚಿತ ಉತ್ತರಕ್ಕೆ ಸಾಕೇ, ಸಾಲದೇ ಎಂದಷ್ಟೇ ಅಲ್ಲಿ ಹೇಳಬೇಕು. ಅವುಗಳ ಜಾಡು ನನಗೆ ಮೊದಲು ಸಿಕ್ಕಿದ್ದು ಪತ್ರಿಕೆಯ ಆ ಸಣ್ಣ ಚೌಕಟ್ಟಿನಲ್ಲಿ.

ಪ್ರಶ್ನೆ ಹೀಗಿದೆ ಎಂದುಕೊಳ್ಳೋಣ: ಲಿಂಗನಮಕ್ಕಿ ಇಂದು ಭರ್ತಿಯಾಗಿದೆಯೇ? ಹೇಳಿಕೆ 1: ನೀರಿನ ಮಟ್ಟ 1,800 ಅಡಿಗಿಂತ ಕಡಿಮೆ ಇದೆ. ಹೇಳಿಕೆ 2: ನೀರಿನ ಮಟ್ಟ 1,790 ಅಡಿಗಿಂತ ಹೆಚ್ಚಿದೆ. ಮೊದಲ ಹೇಳಿಕೆಯಿಂದ ಬರುವ ಉತ್ತರ ‘ಇಲ್ಲ’. ಅದರಲ್ಲಿ ಅನುಮಾನವೇ ಇಲ್ಲ. ಹಾಗಾಗಿ ಆ ಹೇಳಿಕೆ ಸಾಕು. ಎರಡನೆಯದರಲ್ಲಿ ಮಟ್ಟ 1,795 ಇರಬಹುದು, 1,819 ಕೂಡ ಇರಬಹುದು. ಹಾಗಾಗಿ ಅದು ಸಾಲದು. ‘ಇಲ್ಲ’ ಬೇರೆ, ‘ಸಾಲದು’ ಬೇರೆ. ಮೊದಲ ಎರಡು ವಾರ ನಾನು ಇವೆರಡನ್ನೂ ಒಂದೇ ಎಂದು ತಿಳಿದಿದ್ದೆ. ಲೆಕ್ಕವೆಲ್ಲ ಸರಿ ಬಂದು ಕೊನೆಯಲ್ಲಿ ‘ಇಲ್ಲ’ ಎಂದು ಕಂಡ ತಕ್ಷಣ ಹೇಳಿಕೆಯನ್ನೇ ತಳ್ಳಿಹಾಕುತ್ತಿದ್ದೆ. ಅಂದಿನಿಂದ ಪ್ರತಿ ಹೇಳಿಕೆಯ ಪಕ್ಕದಲ್ಲೂ ಕನ್ನಡದಲ್ಲೇ ‘ಸಾಕು’ ಅಥವಾ ‘ಸಾಲದು’ ಎಂದು ಬರೆಯುವ ಅಭ್ಯಾಸ ಮಾಡಿಕೊಂಡೆ. ಊಟದ ಎಲೆಯ ಮುಂದೆ ಕೂತು ದಿನವೂ ಆಡುವ ಮಾತದು. ಅದರ ಅರ್ಥದಲ್ಲಿ ನನಗೆ ಗೊಂದಲವಾಗಲು ಸಾಧ್ಯವೇ ಇರಲಿಲ್ಲ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯವನು. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಎಂಜಿನಿಯರಿಂಗ್ ಮುಗಿಸಿ ಕೆಲವು ವರ್ಷ ಬೆಂಗಳೂರಿನಲ್ಲಿದ್ದು, ಮನೆಯಿಂದಲೇ ಕೆಲಸ ಮಾಡುವ ಅವಕಾಶ ಸಿಕ್ಕಾಗ ಊರಿಗೆ ಬಂದೆ. ಎಂಬಿಎ ಓದಬೇಕೆಂಬ ಆಸೆಯಿಂದ ಜಿಮ್ಯಾಟ್‌ಗೆ ತಯಾರಿ ಆರಂಭಿಸಿದ್ದು ಜೂನ್‌ನಲ್ಲಿ. ಈಗಿನ ಪರೀಕ್ಷೆಯಲ್ಲಿ ಮೂರು ವಿಭಾಗಗಳಿವೆ, ಒಂದೊಂದಕ್ಕೂ 45 ನಿಮಿಷ. ಡೇಟಾ ಸಫಿಷಿಯೆನ್ಸಿ ಹಿಂದೆ ಗಣಿತ ವಿಭಾಗದಲ್ಲಿತ್ತು. 2023ರ ನವೆಂಬರ್‌ನಲ್ಲಿ ಪರೀಕ್ಷೆಯ ಹೊಸ ರೂಪ ಬಂದಾಗ ಅದು ಡೇಟಾ ಇನ್‌ಸೈಟ್ಸ್ ವಿಭಾಗಕ್ಕೆ ಹೋಯಿತು. ಆ ವಿಭಾಗದಲ್ಲಿ 20 ಪ್ರಶ್ನೆಗಳು, ಅಂದರೆ ಒಂದಕ್ಕೆ ಸರಾಸರಿ ಎರಡೂಕಾಲು ನಿಮಿಷ. ಪರದೆಯ ಮೇಲೆ ಕ್ಯಾಲ್ಕುಲೇಟರ್ ಇರುತ್ತದೆ. ಈ ಬಗೆಯ ಪ್ರಶ್ನೆಗಳಲ್ಲಿ ಅದನ್ನು ಮುಟ್ಟಬೇಕೆನಿಸಿದರೆ ನಾನು ದಾರಿ ತಪ್ಪಿದ್ದೇನೆ ಎಂದೇ ಅರ್ಥ ಮಾಡಿಕೊಳ್ಳುತ್ತಿದ್ದೆ.

ಏಕೆಂದರೆ ಇಲ್ಲಿ ಉತ್ತರವನ್ನು ಯಾರೂ ಕೇಳುತ್ತಿಲ್ಲ. ಒಂದು ಪ್ರಶ್ನೆ, ಅದರ ಕೆಳಗೆ ಎರಡು ಹೇಳಿಕೆಗಳು. ಆಯ್ಕೆಗಳು ಎಂದೂ ಬದಲಾಗುವುದಿಲ್ಲ. ಎ ಎಂದರೆ ಮೊದಲನೆಯದು ಒಂದೇ ಸಾಕು. ಬಿ ಎಂದರೆ ಎರಡನೆಯದು ಒಂದೇ ಸಾಕು. ಸಿ ಎಂದರೆ ಬಿಡಿಬಿಡಿಯಾಗಿ ಸಾಲವು, ಎರಡೂ ಸೇರಿದರೆ ಸಾಕು. ಡಿ ಎಂದರೆ ಯಾವುದೊಂದೇ ಆದರೂ ಸಾಕು. ಇ ಎಂದರೆ ಎರಡೂ ಸೇರಿದರೂ ಸಾಲದು. ನಮ್ಮ ಶಾಲೆಯಲ್ಲಿ ಗಣಿತ ಕಲಿಸಿದ ಮೇಷ್ಟ್ರು ಹಂತ ಹಂತವಾಗಿ ಬರೆದು ಕೊನೆಯ ಉತ್ತರದ ಕೆಳಗೆ ಎರಡು ಗೆರೆ ಎಳೆಯುವವರೆಗೆ ಬಿಡುತ್ತಿರಲಿಲ್ಲ. ಆ ಶಿಸ್ತಿನಿಂದಲೇ ನಾನು ಗಣಿತ ಕಲಿತದ್ದು, ಅದಕ್ಕೆ ಇಂದಿಗೂ ಋಣಿ. ಆದರೆ ಇಲ್ಲಿ ನಾನು ಕಲಿಯಬೇಕಾಗಿದ್ದದ್ದು ಗೆರೆ ಎಳೆಯುವ ಮೊದಲೇ ಪೆನ್ನು ಕೆಳಗಿಡುವುದನ್ನು. ಅದಕ್ಕೆ ಒಂದೂವರೆ ತಿಂಗಳು ಹಿಡಿಯಿತು.

ಆ ತಿರುವು ಬಂದದ್ದು ನಾನೇ ಹೆಣೆದ ಒಂದು ಲೆಕ್ಕದಿಂದ. ಜುಲೈನಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ, ಲ್ಯಾಪ್‌ಟಾಪ್ ಆರಿ ಹೋಗಿತ್ತು. ಪುಸ್ತಕದ ಲೆಕ್ಕಗಳೂ ಮುಗಿದಿದ್ದವು. ಜಗುಲಿಯಲ್ಲಿ ಕುಳಿತು, ಎದುರಿಗಿದ್ದ ಅಡಿಕೆಯನ್ನೇ ಹಿಡಿದುಕೊಂಡು ಬರೆದೆ. ರಾಶಿ, ಬೆಟ್ಟೆ ಎಂಬುವು ಬೇರೆ ಬೇರೆ ದರದ ಎರಡು ಬಗೆಯ ಅಡಿಕೆ. ಹೇಳಿಕೆ 1: ಒಂದು ಕ್ವಿಂಟಲ್ ರಾಶಿ ಮತ್ತು ಮೂರು ಕ್ವಿಂಟಲ್ ಬೆಟ್ಟೆಗೆ ಒಟ್ಟು 2,16,000 ರೂಪಾಯಿ. ಹೇಳಿಕೆ 2: ಮೂರು ಕ್ವಿಂಟಲ್ ರಾಶಿ ಮತ್ತು ಒಂಬತ್ತು ಕ್ವಿಂಟಲ್ ಬೆಟ್ಟೆಗೆ ಒಟ್ಟು 6,48,000 ರೂಪಾಯಿ. ಪ್ರಶ್ನೆ: ಎರಡು ಕ್ವಿಂಟಲ್ ರಾಶಿ ಮತ್ತು ಆರು ಕ್ವಿಂಟಲ್ ಬೆಟ್ಟೆಗೆ ಎಷ್ಟು?

ರಾಶಿಯ ದರವೂ ಗೊತ್ತಿಲ್ಲ, ಬೆಟ್ಟೆಯ ದರವೂ ಗೊತ್ತಿಲ್ಲ. ಆದರೂ ಮೊದಲ ಹೇಳಿಕೆಯನ್ನು ದುಪ್ಪಟ್ಟು ಮಾಡಿದರೆ ಮೊತ್ತ ಸಿಗುತ್ತದೆ, ಎರಡನೆಯದನ್ನು ಮೂರರಿಂದ ಭಾಗಿಸಿ ದುಪ್ಪಟ್ಟು ಮಾಡಿದರೂ ಸಿಗುತ್ತದೆ. ಉತ್ತರ ಡಿ. ಈಗ ಹೇಳಿಕೆಗಳನ್ನು ಮುಟ್ಟದೆ ಪ್ರಶ್ನೆಯನ್ನಷ್ಟೇ ಬದಲಿಸಿದೆ: ಒಂದು ಕ್ವಿಂಟಲ್ ರಾಶಿಯ ದರ ಎಷ್ಟು? ಉತ್ತರ ಇ! ಎರಡನೆಯ ಹೇಳಿಕೆ ಮೊದಲನೆಯದರ ಮೂರು ಪಟ್ಟು ಮಾತ್ರ, ಹೊಸದೇನನ್ನೂ ಅದು ಹೇಳುತ್ತಿಲ್ಲ. ಎರಡು ಸಮೀಕರಣಗಳಂತೆ ಕಂಡದ್ದು ನಿಜದಲ್ಲಿ ಒಂದೇ ಸಮೀಕರಣ. ಅವೇ ಅಂಕಿಗಳು, ಅವೇ ಹೇಳಿಕೆಗಳು, ಪ್ರಶ್ನೆ ಬದಲಾದದ್ದಕ್ಕೆ ಉತ್ತರ ಡಿಯಿಂದ ಇಗೆ ಜಾರಿತು. ಅದನ್ನು ಕಂಡ ಮೇಲೆ ನಾನು ಹೇಳಿಕೆಗಳತ್ತ ಧಾವಿಸುವುದನ್ನು ಬಿಟ್ಟೆ. ಪ್ರಶ್ನೆಯನ್ನು ಎರಡು ಸಲ ಓದಿ, ‘ಇದಕ್ಕೆ ಏನು ಗೊತ್ತಾದರೆ ಸಾಕು?’ ಎಂದು ಮೊದಲು ಬರೆದುಕೊಳ್ಳತೊಡಗಿದೆ. ಎರಡೂಕಾಲು ನಿಮಿಷದಲ್ಲಿ ಮೊದಲ ಅರ್ಧ ನಿಮಿಷ ಅದಕ್ಕೇ ಮೀಸಲು.

‘ಎರಡು ಚರಾಕ್ಷರಕ್ಕೆ ಎರಡು ಸಮೀಕರಣ ಬೇಕು’ ಎಂಬ ಶಾಲೆಯ ಸೂತ್ರ ಇನ್ನೊಂದು ಬದಿಯಿಂದಲೂ ಕೈಕೊಡುತ್ತದೆ. ನನ್ನ ನೋಟ್‌ಪುಸ್ತಕದ ಇನ್ನೊಂದು ಲೆಕ್ಕ: ಅಡಿಕೆ ಸಸಿಗೆ 17 ರೂಪಾಯಿ, ಕಾಳುಮೆಣಸಿನ ಬಳ್ಳಿಗೆ 23 ರೂಪಾಯಿ. ಒಬ್ಬರು ಎರಡನ್ನೂ ಕೊಂಡರು. ಬಳ್ಳಿಗಳು ಎಷ್ಟು? ಹೇಳಿಕೆ 1: ಒಟ್ಟು ಕೊಟ್ಟ ಹಣ 291 ರೂಪಾಯಿ. ಹೇಳಿಕೆ 2: ಸಸಿ, ಬಳ್ಳಿ ಸೇರಿ ಒಟ್ಟು 15. ಕೈ ತಾನಾಗಿಯೇ ಸಿ ಕಡೆಗೆ ಹೋಗುತ್ತದೆ. ಆದರೆ ಅರ್ಧ ಸಸಿಯನ್ನು ಯಾರೂ ಕೊಳ್ಳುವುದಿಲ್ಲ, ಎರಡೂ ಧನ ಪೂರ್ಣಾಂಕಗಳೇ ಆಗಿರಬೇಕು. 9 ಸಸಿಗೆ 153, 6 ಬಳ್ಳಿಗೆ 138, ಕೂಡಿದರೆ 291. ಬೇರೆ ಜೋಡಿ ಇದೆಯೇ? ಮೊತ್ತ ಬದಲಾಗದೆ ಇರಬೇಕಾದರೆ ಒಂದು ಕಡೆ 23 ಸಸಿ ಬಿಟ್ಟು ಇನ್ನೊಂದು ಕಡೆ 17 ಬಳ್ಳಿ ಸೇರಿಸಬೇಕು, ಇಲ್ಲವೇ ಅದನ್ನೇ ತಿರುಗಾಮುರುಗಾ ಮಾಡಬೇಕು. 17 ಮತ್ತು 23ಕ್ಕೆ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲದ ಕಾರಣ ಅದಕ್ಕಿಂತ ಚಿಕ್ಕ ಅದಲುಬದಲು ಸಾಧ್ಯವಿಲ್ಲ. ನಮ್ಮಲ್ಲಿ ಇರುವುದೇ 9 ಸಸಿ, 6 ಬಳ್ಳಿ. ಹಾಗಾಗಿ ಬೇರೆ ಜೋಡಿಯೇ ಇಲ್ಲ, ಮೊದಲ ಹೇಳಿಕೆ ಒಂದೇ ಸಾಕು. ಎರಡನೆಯದು ಒಂದೇ ಆದರೆ ಸಾಲದು. ಉತ್ತರ ಎ. ಬೆಲೆಗಳು 20 ಮತ್ತು 30 ಆಗಿ ಮೊತ್ತ 360 ಆಗಿದ್ದರೆ ಜೋಡಿಗಳು ಹಲವು, ಆಗ ಸಿ ಸರಿಯಾಗುತ್ತಿತ್ತು. ಮನುಷ್ಯರು, ಚೀಲಗಳು, ಟಿಕೆಟ್‌ಗಳು, ಹೀಗೆ ಎಣಿಸುವ ವಸ್ತು ಕಂಡಾಗಲೆಲ್ಲ ಈ ಪರೀಕ್ಷೆ ಮಾಡದೆ ನಾನು ಮುಂದೆ ಹೋಗುವುದಿಲ್ಲ.

ವರ್ಗ ಸಮೀಕರಣಗಳಲ್ಲಿ ನನ್ನ ತಪ್ಪುಗಳೆಲ್ಲ ಸೊನ್ನೆಯ ಸುತ್ತ ಇದ್ದವು. ‘ಎಕ್ಸ್ ವರ್ಗ = 5 ಎಕ್ಸ್’ ಎಂದು ಕಂಡರೆ ಎರಡೂ ಕಡೆ ಎಕ್ಸ್ ಹೊಡೆದುಹಾಕಿ 5 ಎಂದು ಬರೆಯುತ್ತಿದ್ದೆ. ಎಕ್ಸ್ ಸೊನ್ನೆಯೂ ಆಗಬಹುದಲ್ಲ! ಸೊನ್ನೆಯಲ್ಲ ಎಂದು ಖಚಿತವಾಗುವವರೆಗೆ ಚರಾಕ್ಷರದಿಂದ ಭಾಗಿಸಬಾರದು ಎಂಬುದನ್ನು ನಾನು ಎಂಟನೆಯ ತರಗತಿಯಲ್ಲೇ ಓದಿದ್ದೆ. ಅದು ಕೈಗೆ ಬಂದದ್ದು ಮಾತ್ರ ಈಗ. ಇನ್ನೊಂದು ಉಪಾಯ ಬಹಳ ಸಮಯ ಉಳಿಸಿತು. ಎಕ್ಸ್ ಧನ ಎಂದು ಪ್ರಶ್ನೆಯೇ ಹೇಳಿದೆ, ಹೇಳಿಕೆಯಲ್ಲಿ ‘ಎಕ್ಸ್ ವರ್ಗ – ಎಕ್ಸ್ – 12 = 0’ ಇದೆ ಎನ್ನಿ. ಅಪವರ್ತಿಸಬೇಕಾಗಿಯೇ ಇಲ್ಲ. ಕೊನೆಯ ಸ್ಥಿರಾಂಕ ಋಣವಾಗಿದೆ, ಅಂದರೆ ಮೂಲಗಳ ಗುಣಲಬ್ಧ ಋಣ, ಅಂದರೆ ಒಂದು ಮೂಲ ಧನ, ಇನ್ನೊಂದು ಋಣ. ಧನವಾದದ್ದು ಒಂದೇ, ಸಾಕು. ಅದೇ ‘ಎಕ್ಸ್ ವರ್ಗ – 7 ಎಕ್ಸ್ + 12 = 0’ ಆಗಿದ್ದರೆ 3 ಮತ್ತು 4 ಎರಡೂ ಧನ, ಸಾಲದು.

ಅಸಮಾನತೆಗಳು ಕೊನೆಯವರೆಗೂ ಕಾಡಿದವು. ‘ಎಕ್ಸ್, ವೈಗಿಂತ ದೊಡ್ಡದೇ?’ ಹೇಳಿಕೆ 1: ಎಕ್ಸ್ ಅನ್ನು ವೈಯಿಂದ ಭಾಗಿಸಿದರೆ 1ಕ್ಕಿಂತ ಹೆಚ್ಚು. ಹೇಳಿಕೆ 2: ಎಕ್ಸ್ ಮತ್ತು ವೈಗಳ ಗುಣಲಬ್ಧ ಧನ. ಎಕ್ಸ್ 3, ವೈ 2 ಎಂದಿಟ್ಟರೆ ಎರಡೂ ಹೇಳಿಕೆ ನಿಲ್ಲುತ್ತವೆ, ಉತ್ತರ ಹೌದು. ಎಕ್ಸ್ –3, ವೈ –2 ಎಂದಿಟ್ಟರೂ ಎರಡೂ ನಿಲ್ಲುತ್ತವೆ, ಉತ್ತರ ಇಲ್ಲ. ಆದ್ದರಿಂದ ಇ. ಎರಡನೆಯ ಹೇಳಿಕೆ ಏನೋ ಹೊಸ ಸುದ್ದಿ ತಂದಂತೆ ಕಾಣುತ್ತದೆ. ಆದರೆ ಭಾಗಲಬ್ಧ ಧನವಾಗಿದ್ದರೆ ಗುಣಲಬ್ಧವೂ ಧನವೇ, ಆ ಮಾತು ಮೊದಲನೆಯದರಲ್ಲೇ ಅಡಗಿತ್ತು. ಇಂಥ ಕಡೆ ನಾನು ಸಾಬೀತು ಮಾಡಲು ಹೊರಡುವುದಿಲ್ಲ, ಮುರಿಯಲು ಹೊರಡುತ್ತೇನೆ. ಸೊನ್ನೆ, ಒಂದು, ಅರ್ಧ, ಋಣ ಅರ್ಧ, ಋಣ ಎರಡು, ಒಂದು ದೊಡ್ಡ ಸಂಖ್ಯೆ: ಇವುಗಳಲ್ಲಿ ಹೇಳಿಕೆಗೆ ಒಪ್ಪುವ ಎರಡನ್ನು ಆರಿಸಿ, ಎರಡು ಬೇರೆ ಬೇರೆ ಉತ್ತರ ಬರುತ್ತವೆಯೇ ಎಂದು ನೋಡುತ್ತೇನೆ. ಬಂದರೆ ಅಲ್ಲಿಗೇ ‘ಸಾಲದು’. ಬರದೇ ಹೋದಾಗ ಮಾತ್ರ ಕಾರಣ ಹುಡುಕುತ್ತೇನೆ. ನಾಲ್ಕು ಸಂಖ್ಯೆಗಳು ಒಪ್ಪಿದ ಮಾತ್ರಕ್ಕೆ ‘ಸಾಕು’ ಎನ್ನಲಾಗದು.

ಮೊದಲ ಹೇಳಿಕೆಯ ನೀರು ಎರಡನೆಯ ಗದ್ದೆಗೆ ಹರಿಯುವುದೂ ನನ್ನ ದೊಡ್ಡ ತಪ್ಪುಗಳಲ್ಲೊಂದು. ಮೊದಲನೆಯದರಲ್ಲಿ ಎಕ್ಸ್ ಧನ ಎಂದು ಓದಿದ್ದು ಎರಡನೆಯದನ್ನು ಪರಿಶೀಲಿಸುವಾಗಲೂ ತಲೆಯಲ್ಲಿ ಕೂತಿರುತ್ತಿತ್ತು. ಅದಕ್ಕಾಗಿ ಎರಡರ ನಡುವೆ ಅಡ್ಡಗೆರೆ ಎಳೆದು, ಮೊದಲನೆಯದನ್ನು ಅಂಗೈಯಿಂದ ಮುಚ್ಚಿ ಎರಡನೆಯದನ್ನು ಓದುತ್ತಿದ್ದೆ. ಮೊದಲನೆಯದು ಸಾಕಾದರೆ ಉಳಿಯುವುದು ಎ ಅಥವಾ ಡಿ, ಸಾಲದಿದ್ದರೆ ಬಿ, ಸಿ, ಇ. ಇನ್ನೊಂದು ಕಾವಲೂ ಇದೆ. ಎರಡು ಹೇಳಿಕೆಗಳು ಎಂದೂ ಒಂದಕ್ಕೊಂದು ವಿರುದ್ಧವಾಗಿರುವುದಿಲ್ಲ. ಒಂದರಿಂದ 5, ಇನ್ನೊಂದರಿಂದ 7 ಬಂದರೆ ಎಲ್ಲೋ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಪರೀಕ್ಷೆಯನ್ನು ಮನೆಯಿಂದಲೂ ಬರೆಯಬಹುದಿತ್ತು. ನಮ್ಮೂರಿನ ಕರೆಂಟನ್ನು ನಂಬುವಂತಿರಲಿಲ್ಲವಾದ್ದರಿಂದ ಸೆಪ್ಟೆಂಬರ್ ಕೊನೆಯಲ್ಲಿ ಶಿವಮೊಗ್ಗದಿಂದ ರೈಲು ಹಿಡಿದು, ಹಿಂದಿನ ದಿನವೇ ಬೆಂಗಳೂರು ಸೇರಿ ಕೇಂದ್ರದಲ್ಲಿ ಬರೆದೆ. ಅಲ್ಲಿ ಕೊಟ್ಟ ಅಳಿಸಿ ಬರೆಯುವ ಹಲಗೆಯ ಮೇಲೆ ಮೊದಲು ಎಳೆದದ್ದು ಆ ಅಡ್ಡಗೆರೆಯನ್ನೇ. ಪ್ರತಿ ವಿಭಾಗದ ಕೊನೆಗೆ ಸಮಯ ಉಳಿದರೆ ಮೂರು ಉತ್ತರಗಳವರೆಗೆ ಬದಲಿಸಲು ಅವಕಾಶವಿದೆ. ಅನುಮಾನವಿದ್ದ ಒಂದನ್ನು ಗುರುತು ಮಾಡಿಟ್ಟು, ಮರಳಿ ಬಂದು ಸಿ ಇದ್ದದ್ದನ್ನು ಎ ಮಾಡಿದೆ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲವೆಂದು ಒಪ್ಪಿಯೇ ಪರೀಕ್ಷೆಗೆ ಕೂರುತ್ತೇವೆ, ಆದ್ದರಿಂದ ಅದು ಯಾವುದೆಂದು ಇಲ್ಲಿ ಬರೆಯುವಂತಿಲ್ಲ. ಮೊದಲ ಮಾದರಿ ಪರೀಕ್ಷೆಯಲ್ಲಿ ಡೇಟಾ ಇನ್‌ಸೈಟ್ಸ್‌ನಲ್ಲಿ 73 ಬಂದಿತ್ತು, ಅಂದು 82 ಬಂದಿತು. ಈ ವಿಭಾಗದ ಅಂಕಗಳು 60ರಿಂದ 90ರವರೆಗೆ ಇರುತ್ತವೆ.

ಈಗ ಅಡಿಕೆಯ ಕೊನೆಕೊಯ್ಲು, ಅಂದರೆ ಗೊನೆ ಕೊಯ್ಯುವ ಕೆಲಸ, ನಡೆಯುತ್ತಿದೆ. ಸಂಜೆ ಅಡಿಕೆ ಸುಲಿಯುವ ಹೊತ್ತಿಗೆ ಪಕ್ಕದ ಮನೆಯ ಹುಡುಗಿ ನನ್ನ ನೋಟ್‌ಪುಸ್ತಕ ಹಿಡಿದು ಬರುತ್ತಾಳೆ, ಮುಂದಿನ ವರ್ಷ ಅವಳ ಪರೀಕ್ಷೆ. ನಿನ್ನೆ ಸಸಿ ಮತ್ತು ಬಳ್ಳಿಯ ಲೆಕ್ಕ ಕೊಟ್ಟಿದ್ದೆ. ಸಿ ಎಂದು ಬರೆದಳು. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಿದ್ದು, ಎರಡನೆಯ ಹೇಳಿಕೆಯ ಮೇಲೆ ಅಂಗೈ ಇಟ್ಟು, 291ರಿಂದ 23ನ್ನು ಒಂದೊಂದಾಗಿ ಕಳೆಯಲು ಶುರು ಮಾಡಿದಳು.