ಹಳೇ ಬೇಲರ್ ರಸ್ತೆಗೆ ಇಳಿಸಿದ್ದು ಹೀಗೆ

ಸಿಂಧನೂರಿನ ಕಡೆ ಭತ್ತದ ಹುಲ್ಲು ಕಟ್ಟುವ ಹಳೇ ಬೇಲರ್ ಕೊಂಡೆವು. ಫ್ಲೈವೀಲ್ ಅನ್ನೋ ಭಾರದ ಚಕ್ರವನ್ನು ಕೈಯಲ್ಲೇ ತಿರುಗಿಸಿ, ದಾರಕ್ಕೆ ಗಂಟು ಬೀಳೋದನ್ನು ಕಣ್ಣಾರೆ ನೋಡಿದ ಮೇಲೇ ದುಡ್ಡು ಕೊಟ್ಟಿದ್ದು. ಬಣ್ಣ ಹೋಗಿದ್ದರೆ ಚಿಂತೆಯಿಲ್ಲ.

ತೊಂದರೆ ಬಂದಿದ್ದು ಎಳೆದು ತರುವಾಗ. ಯಂತ್ರ ಬಲಕ್ಕೆ ಚಾಚಿಕೊಂಡು ಅರ್ಧ ರಸ್ತೆ ಹಿಡಿಯುತ್ತಿತ್ತು. ಹೊಲದಲ್ಲಿ ಟ್ರಾಕ್ಟರ್ ಹುಲ್ಲಿನ ಸಾಲು ತುಳಿಯದಿರಲಿ ಅಂತ ಬೇಲರನ್ನು ಟ್ರಾಕ್ಟರಿಗೆ ಸಿಕ್ಕಿಸುವ ಮೂಕಿಯನ್ನು ಓರೆಯಾಗಿ ಇಟ್ಟಿರುತ್ತಾರೆ. ರಸ್ತೆಗೆ ಬರುವಾಗ ಪಿನ್ ತೆಗೆದು ಅದನ್ನು ಸರಿಸಬೇಕು. ಆ ಪಿನ್ನೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ರಾತ್ರಿಯಿಡೀ ಡೀಸೆಲ್‌ನಲ್ಲಿ ನೆನೆಸಿ, ಬೆಳಿಗ್ಗೆ ಚಕ್ರಕ್ಕೆ ಕಲ್ಲು ಕೊಟ್ಟು, ಕೆಳಗಿನಿಂದ ಸುತ್ತಿಗೆಯಲ್ಲಿ ಬಡಿದೆವು. ಕಳಚಿತು! ಮೂಕಿ ಸರಿಸಿದ ಮೇಲೆ ಬೇಲರ್ ಟ್ರಾಕ್ಟರಿನ ಬೆನ್ನಿಗೇ ಬಂತು. ಟ್ರಾಕ್ಟರಿನಿಂದ ಬೇಲರಿಗೆ ಶಕ್ತಿ ಕೊಡುವ ಪಿಟಿಒ ಶಾಫ್ಟ್ ಬಿಚ್ಚಿ, ಹುಲ್ಲೆತ್ತುವ ಭಾಗವನ್ನು ಮೇಲೆತ್ತಿ ಸರಪಳಿ ಹಾಕಿ, ನಿಧಾನವಾಗಿ ಹಗಲಲ್ಲೇ ಊರು ಸೇರಿದೆವು.