ಅಪ್ಪನ ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ನಮ್ಮ ಮನೆಯ ಗಂಡಸರು

ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾಗುವಷ್ಟರಲ್ಲಿ ಅದು ಸೊಂಟದ ಮೂಳೆಗೆ ಹೋಗಿತ್ತು. ಪ್ರಾಸ್ಟೇಟ್ ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಸಣ್ಣ ಗ್ರಂಥಿ. ರಾತ್ರಿ ಮೇಲಿಂದ ಮೇಲೆ ಏಳುತ್ತಿದ್ದರು, ಮೂತ್ರ ನಿಂತು ನಿಂತು ಬರುತ್ತಿತ್ತು, ಆದರೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸಕಲೇಶಪುರದ ಕಡೆ ನಮ್ಮದು ಸಣ್ಣ ಕಾಫಿ ತೋಟ. ಸೊಂಟ ನೋವು ಅಂದರೆ ಕೆಲಸ ಜಾಸ್ತಿಯಾಗಿದೆ ಅಂತಲೇ ಲೆಕ್ಕ, ಎಣ್ಣೆ ತಿಕ್ಕಿಸಿಕೊಂಡು ತೋಟಕ್ಕೆ ಹೊರಡುತ್ತಿದ್ದರು. ನಾಚಿಕೆಗೆ ಸುಮ್ಮನಿರುವ ಇಂಥ ಗಂಡಸರು ನಮ್ಮ ಸುತ್ತ ಇನ್ನೂ ಎಷ್ಟೋ ಜನ ಇದ್ದಾರೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಹಾಸನದಲ್ಲಿ ರಕ್ತ ಕೊಟ್ಟಾಗ ಪಿಎಸ್‌ಎ (ಪ್ರಾಸ್ಟೇಟಿನಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನ್) ನೂರರ ಮೇಲಿತ್ತು. ಸಾಮಾನ್ಯವಾಗಿ 4ರ ಒಳಗಿದ್ದರೆ ಸರಿ ಅನ್ನುತ್ತಾರೆ. ಹಾಗಂತ 4 ದಾಟಿದ ತಕ್ಷಣ ಕ್ಯಾನ್ಸರ್ ಅಂತಲ್ಲ, ಗ್ರಂಥಿ ಸುಮ್ನೆ ದಪ್ಪಗಾಗಿದ್ದರೂ, ಸೋಂಕಾಗಿದ್ದರೂ ಏರುತ್ತದೆ. ಗ್ರಂಥಿಯ ಚೂರು ತೆಗೆದು ನೋಡುವ ಬಯಾಪ್ಸಿ ಆದ ಮೇಲೇ ಖಚಿತ. ಅದರಲ್ಲಿ ಗ್ಲೀಸನ್ ಸ್ಕೋರ್ ಅಂತ ಕೊಡುತ್ತಾರೆ, 6ರಿಂದ 10ರವರೆಗೆ, ಜಾಸ್ತಿ ಇದ್ದಷ್ಟೂ ರೋಗ ಜೋರು. ಅಪ್ಪನದು 9 ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಚೀಟಿ ಬರೆಸಿಕೊಂಡು ಬೆಂಗಳೂರಿಗೆ ಹೋದೆವು. ಬಿಪಿಎಲ್ ಕಾರ್ಡ್ ಇದ್ದವರು ಆ ಚೀಟಿ ಮರೆಯಲೇಬಾರದು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ.

ಈ ಕ್ಯಾನ್ಸರ್ ಬೆಳೆಯುವುದು ಗಂಡಸರ ಹಾರ್ಮೋನಿನ ಬಲದಿಂದ. ಅದನ್ನು ನಿಲ್ಲಿಸಬೇಕು. ಒಂದು ದಾರಿ ಇಂಜೆಕ್ಷನ್, ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ. ಇನ್ನೊಂದು ವೃಷಣ ತೆಗೆಯುವ ಆಪರೇಷನ್, ಒಂದೇ ಸಲಕ್ಕೆ ಮುಗಿಯುತ್ತದೆ, ಖರ್ಚೂ ಕಮ್ಮಿ. ಡಾಕ್ಟರ್ ಎರಡನ್ನೂ ಹೇಳಿದರು. ಅಪ್ಪ ಅಲ್ಲಿ ಏನೂ ಮಾತಾಡಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತು, "ಬೀಜ ಒಡೆಸಿದ ಎತ್ತು ಮಾಡ್ತೀಯೇನೋ ನನ್ನ?" ಅಂದರು. ನಾನು ದುಡ್ಡಿನ ಮಾತೇ ಎತ್ತಲಿಲ್ಲ. ಎಪ್ಪತ್ತು ದಾಟಿದವರಿಗೆ ಇದೆಲ್ಲ ಏನು ಮಹಾ ಅಂತ ಮಕ್ಕಳು ಅಂದುಕೊಳ್ಳುತ್ತೇವೆ, ಅದು ತಪ್ಪು. ಮೈ ಅವರದು, ಅವರೇ ತೀರ್ಮಾನ ಮಾಡಬೇಕು. ಇಂಜೆಕ್ಷನ್ ಅಂತ ಅಪ್ಪನೇ ಹೇಳಿದರು.

ಜೊತೆಗೆ ಅದೇ ಹಾರ್ಮೋನನ್ನು ಇನ್ನಷ್ಟು ತಡೆಯುವ ಅಬಿರಾಟೆರೋನ್ ಮಾತ್ರೆ. ಇದನ್ನು ಖಾಲಿ ಹೊಟ್ಟೆಯಲ್ಲೇ ತಗೊಳ್ಳಬೇಕು, ಆಮೇಲೆ ಒಂದು ಗಂಟೆ ಏನೂ ತಿನ್ನುವ ಹಾಗಿಲ್ಲ. ಇದರ ಜೊತೆ ಕೊಡುವ ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್) ಮಾತ್ರ ತಿಂಡಿ ತಿಂದ ಮೇಲೆ. ಎದ್ದ ಕೂಡಲೇ ಕಾಫಿ ಕುಡಿಯುವ ಮನುಷ್ಯನಿಗೆ ಇದು ದೊಡ್ಡ ತಾಪತ್ರಯ. ಅದಕ್ಕೆ ಅವ್ವ ಬೆಳಿಗ್ಗೆ ಐದಕ್ಕೇ ಎಬ್ಬಿಸಿ ಮಾತ್ರೆ ನೀರು ಕೈಗೆ ಕೊಡುತ್ತಾರೆ, ಆರೂಕಾಲಿಗೆ ರೊಟ್ಟಿ ಕಾಫಿ. ಬಿಪಿ, ಪೊಟ್ಯಾಸಿಯಂ, ಲಿವರ್ ಪರೀಕ್ಷೆ ಆಗಾಗ ಮಾಡಿಸಬೇಕು. ಎಲ್ಲದಕ್ಕೂ ಒಂದೇ ನೋಟ್‌ಬುಕ್ ಇಟ್ಟಿದ್ದೇನೆ, ಪಿಎಸ್‌ಎಗೆ ಒಂದು ಪುಟ, ಡಾಕ್ಟರಿಗೆ ಕೇಳಬೇಕಾದ್ದಕ್ಕೆ ಇನ್ನೊಂದು. ಇಂಜೆಕ್ಷನ್ ಶುರುವಾದ ಮೇಲೆ ಪಿಎಸ್‌ಎ ಚೆನ್ನಾಗಿ ಇಳಿಯಿತು, ಸೊಂಟ ನೋವೂ ತಗ್ಗಿತು.

ಆದರೆ ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಬಿಸಿಯಾಗಿ ಬೆವರು ಕಿತ್ತುಕೊಂಡು ಬರುತ್ತಿತ್ತು. ಡಿಸೆಂಬರ್ ಚಳಿಯಲ್ಲಿ ಬನಿಯನ್ ಒದ್ದೆ ಮಾಡಿಕೊಂಡು ಕಿಟಕಿ ತೆಗೆದು ನಿಲ್ಲುತ್ತಿದ್ದರು. ನಾನು ಏನೋ ವಿವರಿಸಲು ಹೋದೆ. ಅಷ್ಟರಲ್ಲಿ ಅವ್ವ, "ಮುಟ್ಟು ನಿಲ್ಲೋವಾಗ ನಂಗೂ ಹಿಂಗೇ ಆಗ್ತಿತ್ತು ಕಣ್ರೀ, ಹೋಗುತ್ತೆ" ಅಂದರು. ಇಷ್ಟು ವರ್ಷದಲ್ಲಿ ಅವರಿಬ್ಬರು ಇಂಥದ್ದನ್ನು ಮಾತಾಡಿದ್ದು ನಾನು ಕೇಳಿರಲಿಲ್ಲ. ಅಲ್ಲಿಂದ ಮುಂದೆ ಅಪ್ಪ ಕೇಳುವುದೆಲ್ಲ ಅವ್ವನ ಹತ್ತಿರವೇ. ಹಾರ್ಮೋನ್ ನಿಂತರೆ ಮೂಳೆ ಸವೆಯುತ್ತದೆ, ತೂಕ ಏರುತ್ತದೆ, ಹಾಗಾಗಿ ದಿನಾ ನಡೆಯಲೇಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಜಾರುವ ಇಳಿಜಾರು ಬಿಟ್ಟು ರಸ್ತೆಯಲ್ಲೇ ನಡೆಸುತ್ತೇವೆ.

ಇನ್ನು ನಮ್ಮ ವಿಷಯ. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಇದು ಬಂದಿದ್ದರೆ ನಮಗೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. ಅಂಥವರು 40ರಿಂದ 45ರ ಹೊತ್ತಿಗೇ ಪಿಎಸ್‌ಎ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಬೇಕು. ನಾನು ಮಾಡಿಸಿದೆ, ಸರಿಯಿದೆ. ಪರೀಕ್ಷೆಗೆ ಎರಡು ದಿನ ಮುಂಚಿನಿಂದ ಹೆಂಡತಿ ಜೊತೆ ಕೂಡಬಾರದು, ಸೈಕಲ್ ಹೊಡೆಯಬಾರದು, ಮೂತ್ರದ ಸೋಂಕಿದ್ದರೆ ಅದು ವಾಸಿಯಾಗಲಿ. ತಮ್ಮ ಒಪ್ಪಲಿಲ್ಲ. ನಿಧಾನಕ್ಕೆ ಬೆಳೆಯುವ, ಯಾವತ್ತೂ ತೊಂದರೆ ಕೊಡದ ಗಡ್ಡೆಯನ್ನೂ ಇದು ತೋರಿಸಿ ಸುಮ್ನೆ ಹೆದರಿಸುತ್ತದೆ ಅಲ್ವಾ ಅಂದ. ಮಾತು ನಿಜವೇ. ಅಂಥದ್ದು ಸಿಕ್ಕರೆ ತಕ್ಷಣ ಆಪರೇಷನ್ ಮಾಡದೆ ಬರೀ ಪರೀಕ್ಷೆ ಮಾಡಿಸುತ್ತಾ ಕಾಯುವ ಪದ್ಧತಿಯೂ ಇದೆ, ಡಾಕ್ಟರ ಹತ್ತಿರ ನೀನೇ ಕೇಳು ಅಂತ ಕರೆದುಕೊಂಡು ಹೋದೆ.

ಚಿಕ್ಕಪ್ಪನದು ಬೇರೆ ಕಥೆ. ಕಣದಲ್ಲಿ ಕಾಫಿ ಹರಡುತ್ತಿದ್ದವರು "ನಂಗೇನಾಗಿದೆಯೋ" ಅಂದರು. "ಅಪ್ಪನೂ ಹಂಗೇ ಅಂತಿದ್ರು ಚಿಕ್ಕಪ್ಪ" ಅಂದೆ. ಮಾರನೇ ವಾರ ಬಂದರು. ಪಿಎಸ್‌ಎ 3, ನೋಡಲು ಚೆನ್ನಾಗೇ ಇತ್ತು. ಆದರೆ ಅವರು ನುಂಗುವ ಮಾತ್ರೆಗಳ ಸ್ಟ್ರಿಪ್ಪೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ, ಅದರಲ್ಲಿ ಡುಟಾಸ್ಟೆರೈಡ್ ಇತ್ತು. ಪ್ರಾಸ್ಟೇಟ್ ದಪ್ಪಗಾದವರಿಗೆ ಕೊಡುವ ಮಾತ್ರೆ. ತಿಂಗಳುಗಟ್ಟಲೆ ತಗೊಂಡರೆ ಪಿಎಸ್‌ಎ ಅರ್ಧಕ್ಕೆ ಇಳಿದು ಕಾಣುತ್ತದೆ, ಅಂದರೆ 3 ಅನ್ನು 6 ಅಂತಲೇ ಓದಬೇಕು ಅಂದರು ಡಾಕ್ಟರ್. ಎಂಆರ್‌ಐ ಮಾಡಿಸಿದೆವು. ಅನುಮಾನದ್ದೇನೂ ಕಾಣಲಿಲ್ಲ, ಆರು ತಿಂಗಳಿಗೆ ಮತ್ತೆ ಬನ್ನಿ ಅಂದಿದ್ದಾರೆ.

ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ಸ್ತನ ಕ್ಯಾನ್ಸರಿನಿಂದ ತೀರಿಹೋದರು. ಇದಕ್ಕೂ ಅದಕ್ಕೂ ಏನು ಅಂತ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಬಿಆರ್‌ಸಿಎ2 ಅನ್ನುವ ಜೀನ್ ಕೆಟ್ಟಿದ್ದರೆ ಎರಡೂ ಬರಬಹುದು, ಅದು ಅಪ್ಪನಿಂದ ಹೆಣ್ಣುಮಕ್ಕಳಿಗೂ ಹೋಗುತ್ತದೆ. ಮೊದಲು ರೋಗ ಬಂದವರನ್ನೇ ಪರೀಕ್ಷೆ ಮಾಡಬೇಕು. ಅಪ್ಪ ರಕ್ತ ಕೊಟ್ಟರು, ಏನೂ ಸಿಗಲಿಲ್ಲ. ಆದರೂ ಗೊತ್ತಿರುವ ಜೀನ್‌ಗಳಲ್ಲಿ ಸಿಗದಿದ್ದ ಮಾತ್ರಕ್ಕೆ ಮನೆತನದ ರಿಸ್ಕ್ ಅಳಿಸಿಹೋಗುವುದಿಲ್ಲ, ನಮ್ಮ ಪಿಎಸ್‌ಎ ನಡೆಯುತ್ತಲೇ ಇರಲಿ ಅಂದರು ಡಾಕ್ಟರ್. ರಿಪೋರ್ಟಿನ ಒಂದೊಂದು ಜೆರಾಕ್ಸ್ ಅಕ್ಕನಿಗೆ, ತಮ್ಮನಿಗೆ, ಚಿಕ್ಕಪ್ಪನ ಮಕ್ಕಳಿಗೆ, ಅತ್ತೆಯ ಮಗಳಿಗೂ ಕೊಟ್ಟಿದ್ದೇನೆ. ಅತ್ತೆಯ ಮಗಳು ಅದನ್ನು ಹಿಡಿದುಕೊಂಡೇ ಡಾಕ್ಟರ್ ಹತ್ತಿರ ಹೋಗಿದ್ದಾಳೆ, ಅವಳ ಅಮ್ಮನ ಕಾಯಿಲೆಯ ಲೆಕ್ಕದಲ್ಲಿ ಅವಳ ಪರೀಕ್ಷೆ ಬೇರೆಯೇ ಆಗಬೇಕಂತೆ.